ಕಾಫಿ ತೋಟದ ಕಾರ್ಮಿಕರ ಆರೋಗ್ಯ, ಸುರಕ್ಷತೆಯ ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು?

ಆಲ್ದೂರಿನ ಬಳಿಯ ನಿಮ್ಮ ತೋಟದಲ್ಲಿ ಮೂವತ್ತು ಮಂದಿ ಕಾಯಂ ಕಾರ್ಮಿಕರಿದ್ದು ಕೊಯ್ಲಿನ ಕಾಲಕ್ಕೆ ಅಸ್ಸಾಂ ಕಡೆಯವರೂ ಸೇರಿಕೊಳ್ಳುತ್ತಾರೆಂದೂ, ಸಲಹೆಗಾರರೊಬ್ಬರು ಕೊಟ್ಟ ಸುರಕ್ಷತಾ ಯೋಜನೆಯ ಮಾದರಿಯಲ್ಲಿ ಯೋಗ ತರಗತಿ, ಕುರ್ಚಿಯ ಎತ್ತರ ಇಂಥವೇ ತುಂಬಿವೆಯೆಂದೂ ಬರೆದು, ತೋಟಕ್ಕೆ ಒಪ್ಪುವ ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕೆಂದು ಕೇಳಿದ್ದೀರಿ. ಮೂಡಿಗೆರೆ ಕಡೆಯ ತೋಟವೊಂದರಲ್ಲಿ ರೈಟರಾಗಿ, ಅಂದರೆ ಲೆಕ್ಕ ಬರೆಯುವವನಾಗಿ ಸೇರಿ ಈಗ ಅಲ್ಲಿಯೇ ವ್ಯವಸ್ಥಾಪಕನಾಗಿರುವ ನಾನು ಹೇಳುವುದಿಷ್ಟು: ಆ ಮಾದರಿಯನ್ನು ಬದಿಗಿಟ್ಟು, ವರ್ಷದ ತೋಟದ ಕೆಲಸಗಳನ್ನು ತಿಂಗಳುವಾರು ಒಂದು ಹಾಳೆಯಲ್ಲಿ ಬರೆದು, ಪ್ರತಿ ಕೆಲಸದ ಎದುರು ಅದರಲ್ಲಿ ಜೀವಕ್ಕೆ ಎರವಾಗಬಲ್ಲದ್ದು ಯಾವುದೆಂದು ಗುರುತಿಸಿ. ಹಣವೂ ಗಮನವೂ ಮೊದಲು ಅಲ್ಲಿಗೆ ಹೋಗಬೇಕು. ಕೈ ತರಚುವಂಥವು ಆಮೇಲೆ.

ಹಾಗೆ ಬರೆದಾಗ ಮೊದಲ ಸಾಲಿಗೆ ಬರುವುದು ಅಲ್ಯೂಮಿನಿಯಂ ಏಣಿ. ಮೆಣಸು ಕೊಯ್ಯುವಾಗಲೂ ನೆರಳಿನ ಮರಗಳ ಕೊಂಬೆ ಕಡಿಯುವ ಮರಗಸಿ ಮಾಡುವಾಗಲೂ ಅವಘಡವೆಂದರೆ ಮರದಿಂದ ಬೀಳುವುದೇ ಎಂದು ಹಲವರು ಭಾವಿಸಿದ್ದಾರೆ, ಆದರೆ ಒಂದು ಸಿಲ್ವರ್ ಓಕ್ ಮರದಿಂದ ಇನ್ನೊಂದಕ್ಕೆ ಏಣಿಯನ್ನು ನಿಲ್ಲಿಸಿಕೊಂಡೇ ಸಾಗಿಸುವ ಆ ಕೆಲವು ಹೆಜ್ಜೆಗಳು ಇನ್ನೂ ಅಪಾಯಕಾರಿ. ಹಿಡಿದವನ ಕಣ್ಣು ಏಣಿಯ ಬುಡದ ಮೇಲಿರುತ್ತದೆ, ತುದಿಯು ಸೊಪ್ಪಿನ ನಡುವೆ ಎಲ್ಲಿ ತಾಗಿತೆಂದು ಅವನಿಗೆ ಕಾಣುವುದಿಲ್ಲ, ಮೇಲೆ ವಿದ್ಯುತ್ ತಂತಿ ಹಾದುಹೋಗಿದ್ದರೆ ಕೂಗಲೂ ಸಮಯವಿರುವುದಿಲ್ಲ. ಆದ್ದರಿಂದ ತಂತಿ ಹಾದುಹೋದ ಸಾಲಿನ ಎರಡೂ ಬದಿಯ ಮರಗಳಿಗೆ ಕೆಂಪು ಬಣ್ಣದ ಪಟ್ಟೆ ಬಳಿಸಿ, ಮೆಸ್ಕಾಂನವರು ಲೈನ್ ಆಫ್ ಮಾಡಿಕೊಟ್ಟ ದಿನದಂದು ಮಾತ್ರ ಆ ಮರಗಳನ್ನು ಹತ್ತಿಸಿ, ಏಣಿಯನ್ನು ಎಲ್ಲಿಯೇ ಆಗಲಿ ಇಬ್ಬರು ಮಲಗಿಸಿಯೇ ಒಯ್ಯಬೇಕೆಂದು ನಿಯಮ ಮಾಡಿ. ಹಸಿ ಬಿದಿರಿನ ಏಣಿಯೂ ವಿದ್ಯುತ್ತನ್ನು ಹರಿಸುತ್ತದೆ ಎಂಬುದನ್ನು ಮೇಸ್ತ್ರಿಗೆ ಒತ್ತಿ ಹೇಳಬೇಕು.

ಎರಡನೆಯದು ಪಿಕಪ್ ವಾಹನ. ಕೊಯ್ಲಿನ ಭರದಲ್ಲಿ ಸರಕು ವಾಹನದ ಹಿಂಬದಿಯಲ್ಲಿ ಆಳುಗಳನ್ನು ನಿಲ್ಲಿಸಿಕೊಂಡು ಬರುವುದು ನಮ್ಮ ಕಡೆ ಎಲ್ಲರಿಗೂ ರೂಢಿಯಾಗಿಬಿಟ್ಟಿದೆ. ಬಾಡಿಗೆ ಗಾಡಿಯಾದ್ದರಿಂದ ತಮಗೆ ಸಂಬಂಧವಿಲ್ಲ ಎನ್ನುವ ಮಾಲೀಕರು, 2020ರ ಸಾಮಾಜಿಕ ಭದ್ರತಾ ಸಂಹಿತೆಯು ಮನೆಗೂ ಕೆಲಸದ ಜಾಗಕ್ಕೂ ನಡುವಿನ ಪ್ರಯಾಣದ ಅಪಘಾತವನ್ನೂ, ಅದಕ್ಕೂ ಕೆಲಸಕ್ಕೂ ಇರುವ ನಂಟು ಸ್ಥಾಪಿತವಾದರೆ, ಕೆಲಸದ ವೇಳೆಯದೆಂದೇ ಪರಿಗಣಿಸುತ್ತದೆ ಎಂಬುದನ್ನು ಓದಿಕೊಳ್ಳಲಿ. ಮೂರನೆಯದು ಆನೆ. ಆನೆ ಬಂದಿದೆಯೆಂಬ ಅರಣ್ಯ ಇಲಾಖೆಯ ಸಂದೇಶವು ರೈಟರ ಫೋನಿಗೆ ಬಂದರಷ್ಟೇ ಸಾಲದು. ಹಾಜರಿ ಕರೆಯುವ ಮುನ್ನವೇ ಅದು ಮೇಸ್ತ್ರಿಗೆ ತಲುಪಬೇಕು, ಆನೆ ಇರುವ ಕಡೆಯ ಕೆಲಸವನ್ನು ನಿಲ್ಲಿಸುವ ಅಧಿಕಾರವೂ ಅವನಿಗಿರಬೇಕು, ಆ ದಿನ ಬೇರೆ ಕೆಲಸ ಕೊಟ್ಟು ಪೂರ್ತಿ ಕೂಲಿ ಕೊಡಬೇಕು. ಕೂಲಿ ಕಡಿತವಾಗುತ್ತದೆಂದರೆ ಯಾರೂ ಆನೆಯನ್ನು ಲೆಕ್ಕಿಸುವುದಿಲ್ಲ.

ಔಷಧಿ ಸಿಂಪಡಣೆಯ ಬಗ್ಗೆ ಮಾದರಿಗಳಲ್ಲಿ ಕೈಗವಸು, ಮಾಸ್ಕುಗಳ ಪಟ್ಟಿ ಇದ್ದೇ ಇರುತ್ತದೆ. ಬಿಸಿಲೇರಿದ ಮೇಲೆ ಅವನ್ನು ಯಾರೂ ತೊಟ್ಟಿರುವುದಿಲ್ಲವಾದ್ದರಿಂದ ಸಿಂಪಡಣೆಯನ್ನು ಬೆಳಗಿನ ತಂಪಿನಲ್ಲೇ ಮುಗಿಸುವುದು ಪಟ್ಟಿಗಿಂತ ಮುಖ್ಯ. ಡಬ್ಬಿಯ ಮೇಲಿನ ತ್ರಿಕೋನ ಕೆಂಪು ಅಥವಾ ಹಳದಿಯಾಗಿದ್ದರೆ (ಹೆಚ್ಚು ವಿಷಕಾರಿ ಎಂಬುದರ ಗುರುತು ಅದು) ಬದಲಿ ಔಷಧಿ ಇದೆಯೇ ಎಂದು ಮೊದಲು ವಿಚಾರಿಸಿ, ಮತ್ತು ಪ್ರತಿವಿಷವೇ ಇಲ್ಲದ ಪ್ಯಾರಾಕ್ವಾಟ್ ಕಳೆನಾಶಕವನ್ನು ತೋಟದ ಗೇಟಿನೊಳಗೆ ಬಿಡಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನೊಂದು, ಕಾರ್ಮಿಕರು ವಾಸಿಸುವ ಲೈನ್ ಮನೆಗಳ ಹಿತ್ತಲಿಗೆ ಒಮ್ಮೆ ಹೋಗಿ ನೋಡಿ: ಔಷಧಿಯ ಖಾಲಿ ಕ್ಯಾನಿನ ಬಾಯಿ ಕತ್ತರಿಸಿ ನೀರು ತುಂಬಿಟ್ಟಿರುವುದು, ಮಕ್ಕಳು ಅದೇ ನೀರಿನಲ್ಲಿ ಬಾಯಿ ಮುಕ್ಕಳಿಸುವುದು ಕಾಣಸಿಗಬಹುದು. ಖಾಲಿ ಕ್ಯಾನುಗಳನ್ನು ಅಂದೇ ತೂತು ಮಾಡಿ ಗೋದಾಮಿನ ಬೀಗದೊಳಗೆ ಇರಿಸಲು ಒಬ್ಬರನ್ನು ಹೆಸರಿಸಿಯೇ ನೇಮಿಸಬೇಕು.

ಕಾಯಿಲೆಗಳಲ್ಲಿ ಮಂಗನ ಕಾಯಿಲೆಯನ್ನು ಬಿಡುವಂತಿಲ್ಲ. ಕಾಡಿನ ಉಣ್ಣೆ ಹುಳುಗಳು ಕಚ್ಚುವುದರಿಂದ ಹರಡುವ ಈ ಜ್ವರದ ಕಾಲ ಸುಮಾರು ಡಿಸೆಂಬರಿನಿಂದ ಮೇವರೆಗೆ, ಅಂದರೆ ಹೆಚ್ಚು ಜನ ತೋಟದೊಳಗಿರುವ ಕಾಲ. ಆರೋಗ್ಯ ಇಲಾಖೆಯಿಂದ ಉಣ್ಣೆ ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ತೈಲವನ್ನು ಪಡೆದುಕೊಳ್ಳಿ, ಮಂಗ ಸತ್ತುಬಿದ್ದಿದ್ದರೆ ಮುಟ್ಟದೆ ತಿಳಿಸಿ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ನಾಟಿ ಔಷಧಿಗೆ ಓಡುವುದು ಬೇಡ; ವಿಷನಿರೋಧಕ ಚುಚ್ಚುಮದ್ದು ದಾಸ್ತಾನಿರುವ ಹತ್ತಿರದ ಆಸ್ಪತ್ರೆ ಯಾವುದೆಂದು ವಿಚಾರಿಸಿ ಅದರ ಫೋನ್ ನಂಬರನ್ನು ಕಣದ ಗೋಡೆಯ ಮೇಲೆ ಬರೆಸಿ. ಹೆಂಗಸರಿಗೆ ಕೆಲಸದ ಬ್ಲಾಕಿನ ಹತ್ತಿರವೇ ಶೌಚಾಲಯವಿಲ್ಲದಿದ್ದರೆ ಅವರು ದಿನವಿಡೀ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಮೂತ್ರದ ಸೋಂಕಿಗೆ ಅದೂ ಒಂದು ಕಾರಣ. ಯೋಗ ತರಗತಿಯ ಹಣವನ್ನು ಅಲ್ಲಿಗೆ ತಿರುಗಿಸಬಹುದು.

ಕಾನೂನಿನ ಮಟ್ಟಿಗೆ, 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯಲ್ಲಿದ್ದ ಕುಡಿಯುವ ನೀರು, ವಸತಿ, ವೈದ್ಯಕೀಯ ಸೌಲಭ್ಯ, ಶಿಶುಪಾಲನಾ ಕೇಂದ್ರಗಳ ವಿಷಯವನ್ನು ಈಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ಸೇರಿಸಲಾಗಿದೆ. ನಿಮ್ಮ ತೋಟಕ್ಕೆ ಯಾವುದು ಎಷ್ಟು ಅನ್ವಯವೆಂಬುದನ್ನು ಚಿಕ್ಕಮಗಳೂರಿನ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಲಿಖಿತವಾಗಿ ಕೇಳಿಕೊಳ್ಳಿ. ಮಾಲೀಕರು ಕೊಟ್ಟ ಲೈನ್ ಮನೆ ಕುಸಿದು ಕಾರ್ಮಿಕನಿಗೋ ಅವನ ಕುಟುಂಬದವರಿಗೋ ಪೆಟ್ಟಾದರೆ ಪರಿಹಾರದ ಹೊಣೆ ಸಾಮಾನ್ಯವಾಗಿ ಮಾಲೀಕರದೇ ಆಗುವುದರಿಂದ, ಮೇ ತಿಂಗಳ ಕೆಲಸಗಳ ಎದುರು ಮಳೆ ಹಿಡಿಯುವ ಮುನ್ನ ಗೋಡೆ, ಮಾಡುಗಳ ತಪಾಸಣೆ ಎಂದು ಈಗಲೇ ಬರೆದಿಡಿ.