ಲೆಸಿಥಿನ್: ಕ್ರೀಮ್‌ನಲ್ಲಿರೋದೂ ಚಾಕೊಲೇಟ್‌ನಲ್ಲಿರೋದೂ ಒಂದೇನಾ?

ಫೇಸ್ ಕ್ರೀಮ್ ಮೇಲೂ ಚಾಕೊಲೇಟ್ ಕವರ್ ಮೇಲೂ ಲೆಸಿಥಿನ್ ಅಂತಿದೆ, ಎರಡೂ ಒಂದೇನಾ, ಭಯ ಪಡಬೇಕಾ ಅಂತ ಕೇಳಿದ್ರಲ್ಲ, ಹೌದು ರೀ ಒಂದೇ ಥರದ್ದು, ಭಯ ಬೇಡ. ಫುಡ್ ಪ್ಯಾಕೆಟ್ ಮೇಲೆ ಇದನ್ನೇ 322 ಅನ್ನೋ ಕೋಡ್ ನಂಬರ್‌ನಲ್ಲೂ ಹಾಕಿರ್ತಾರೆ. ಲೆಸಿಥಿನ್ ಅಂದ್ರೆ ನೀರು ಎಣ್ಣೆ ಬೇರೆ ಆಗದ ಹಾಗೆ ಬೆರೆಸಿಡೋ ಕೊಬ್ಬಿನಂಥ ಪದಾರ್ಥ, ಇದರ ಅಣುವಿನ ಒಂದು ತುದಿ ನೀರನ್ನ ಹಿಡ್ಕೊಳುತ್ತೆ ಇನ್ನೊಂದು ಎಣ್ಣೆನ. ಬಾಟಲಿಗೆ ನೀರು ಎಣ್ಣೆ ಹಾಕಿ ಕುಲುಕಿ, ಸ್ವಲ್ಪ ಹೊತ್ತಲ್ಲೇ ಎಣ್ಣೆ ಮೇಲೆ ಬಂದು ನಿಲ್ಲುತ್ತೆ, ಅದಕ್ಕೇ ಒಂದು ಚಮಚ ಮೊಟ್ಟೆಯ ಹಳದಿ ಸೇರಿಸಿ ಜೋರಾಗಿ ಕುಲುಕಿ ನೋಡಿ, ಹಾಲಿನ ಥರ ಮಂದ ಆಗಿ ತುಂಬಾ ಹೊತ್ತು ಹಾಗೇ ಇರುತ್ತೆ, ಆ ಹಳದಿಯಲ್ಲಿರೋದೂ ಲೆಸಿಥಿನ್ನೇ (1840ರ ದಶಕದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗೋಬ್ಲೆ ಅದರಿಂದಲೇ ಬೇರ್ಪಡಿಸಿದ್ದು). ಈಗ ಹೆಚ್ಚಾಗಿ ಸೋಯಾ, ಸೂರ್ಯಕಾಂತಿಯಿಂದ ತೆಗೀತಾರೆ. ಸೋಯಾ ಅಲರ್ಜಿ ಇದ್ರೆ ಮಾತ್ರ ಯಾವುದರಿಂದ ತೆಗೆದಿದ್ದು ಅಂತ ಲೇಬಲ್ ಓದಿ, ಅನುಮಾನ ಇದ್ರೆ ಡಾಕ್ಟರ್‌ನ ಕೇಳಿ, ದಯವಿಟ್ಟು ಇದನ್ನ ಮರೀಬೇಡಿ.