ದಿನಾ ಓಡಿಸೋ ಕಾರಿಗೆ ಆಟೋಕ್ರಾಸ್ ಟೈರ್: ಬಾಗಲಕೋಟೆಯವರ ಪ್ರಶ್ನೆಗೆ ಉತ್ತರ

ಬ್ರದರ್, ನಿಮ್ಮದು ದಿನಾ ಕೆಲಸಕ್ಕೆ ಓಡಿಸೋ ಸ್ವಿಫ್ಟ್. 185/65 ಆರ್15 ಟೈರ್ (ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ 65%, ರಿಮ್ 15 ಇಂಚು) ಸವೆದಿದೆ. ಆಗಾಗ ಆಟೋಕ್ರಾಸ್‌ಗೂ (ಗುರುತು ಹಾಕಿದ ಹಾದಿಯಲ್ಲಿ ಟೈಮ್ ನೋಡಿ ಓಡಿಸೋ ಸ್ಪರ್ಧೆ) ಟ್ರ್ಯಾಕ್ ಡೇಗೂ (ರೇಸ್ ಟ್ರ್ಯಾಕಲ್ಲಿ ಸ್ವಂತ ಕಾರು ಓಡಿಸೋ ದಿನ) ಹೋಗಬೇಕು, ಎಲ್ಲಕ್ಕಿಂತ ಜಾಸ್ತಿ ಗ್ರಿಪ್ ಇರೋ ಟೈರ್ ಹೇಳಿ ಅಂತ ಕೇಳಿದ್ದೀರಿ. ಮೇಲಿನ ಉತ್ತರಗಳಲ್ಲಿ ಎಲ್ಲರೂ ಬ್ರ್ಯಾಂಡ್ ಹೆಸರು ಹೇಳಿ ಹೋಗಿದ್ದಾರೆ. ಓಡಿಸೋದು ಮಣ್ಣಿನ ಮೇಲೋ ಡಾಂಬರಿನ ಮೇಲೋ ಅಂತ ಯಾರೂ ಕೇಳಿಲ್ಲ.

ನಮ್ಮ ಕಡೆ ಆಟೋಕ್ರಾಸ್ ಅಂದ್ರೆ ಹೆಚ್ಚಾಗಿ ಮಣ್ಣಿನ ಮೈದಾನ. ಅಲ್ಲಿ ದುಬಾರಿ ಪರ್ಫಾರ್ಮೆನ್ಸ್ ಟೈರ್ ದಂಡ. ತೋಡು (ಟೈರಿನ ಮೇಲಿನ ಗೀರು) ಕಮ್ಮಿ, ಸೈಡ್‌ವಾಲ್ ಅಂದ್ರೆ ಪಕ್ಕದ ಗೋಡೆ ಗಿಡ್ಡ, ಚೂಪು ಕಲ್ಲು ತಾಗಿದ್ರೆ ಸೀಳಿ ಹೋಗುತ್ತೆ. ಅದಕ್ಕೆ ಈಗಿನ 65 ಪ್ರೊಫೈಲೇ ವಾಸಿ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಥರದ ಡಾಂಬರು ಟ್ರ್ಯಾಕಿಗೆ ಹೋಗೋದಾದ್ರೆ ಮಾತ್ರ ಮುಂದಿನದು ಓದಿ.

ಟೈರಿನ ಮೇಲೆ ಟ್ರೆಡ್‌ವೇರ್ (ಸವೆತದ ಗ್ರೇಡು) ನಂಬರ್ ಇದ್ರೆ ನೋಡಿ. ನಂಬರ್ ಕಮ್ಮಿ ಇದ್ದಷ್ಟೂ ಸಾಮಾನ್ಯವಾಗಿ ರಬ್ಬರ್ ಮೆತ್ತಗೆ, ಗ್ರಿಪ್ ಜಾಸ್ತಿ, ಬಾಳಿಕೆ ಕಮ್ಮಿ. ಅಮೆರಿಕದ ಆಟೋಕ್ರಾಸ್‌ನಲ್ಲಿ ಬೀದಿ ಕಾರುಗಳ ಕ್ಲಾಸಿಗೆ ಹಲವು ಕಡೆ 200ಕ್ಕಿಂತ ಕೆಳಗಿನದನ್ನು ಬಿಡಲ್ಲ. ಆದ್ರೆ ಈ ನಂಬರ್ ಕೊಡೋದು ಟೈರ್ ಕಂಪನಿಯೇ. ಹಾಗಾಗಿ ಒಂದು ಬ್ರ್ಯಾಂಡಿನ 300, ಇನ್ನೊಂದರ 300 ಒಂದೇ ಅಂತ ತಿಳ್ಕೋಬೇಡಿ. ಪಕ್ಕದಲ್ಲಿರೋ ಎಎ, ಎ, ಬಿ ಗ್ರೇಡು ಒದ್ದೆ ನೆಲದ ಮೇಲೆ ನೇರಕ್ಕೆ ಬ್ರೇಕ್ ಹಾಕಿ ನೋಡಿದ್ದು. ತಿರುವಿನಲ್ಲಿ ಹೇಗೆ ಹಿಡಿಯುತ್ತೆ ಅನ್ನೋದನ್ನ ಅದು ಹೇಳಲ್ಲ.

ನನ್ನ ಕೇಳಿದ್ರೆ, ಒಂದೇ ಸೆಟ್ ಇಟ್ಕೊಳ್ಳೋರಿಗೆ 200ರ ಟೈರ್ ಬೇಡವೇ ಬೇಡ. ಬಿಜಾಪುರದ ಏಪ್ರಿಲ್ ಬಿಸಿಲಲ್ಲಿ ಕಾದ ರಸ್ತೆ ಮೇಲೆ ದಿನಾ ಓಡಿಸಿದ್ರೆ ಕಣ್ಣೆದುರೇ ಸವೆಯುತ್ತೆ. ಮಳೆಗಾಲದಲ್ಲಿ ಚೋರ್ಲಾ ಘಾಟ್ ಇಳಿಯುವಾಗ ನೀರು ಹೊರಗೆ ತಳ್ಳೋಕೆ ತೋಡೇ ಸಾಲಲ್ಲ. ಒದ್ದೆಯಲ್ಲೂ ಹಿಡಿಯೋ ಒಳ್ಳೆ ರಸ್ತೆ ಪರ್ಫಾರ್ಮೆನ್ಸ್ ಟೈರ್ ತಗೊಳ್ಳಿ. ಮೆತ್ತನೆ ಟೈರಿನ ಹುಚ್ಚು ಹಿಡಿದ್ರೆ ಮುಂದೆ ಬೇರೆ ರಿಮ್ ಮೇಲೆ ಎರಡನೇ ಸೆಟ್ ಮಾಡ್ಕೊಂಡ್ರಾಯ್ತು.

ಸೈಜಿನ ಲೆಕ್ಕ ಸುಲಭ. ನಿಮ್ಮ ಈಗಿನ ಟೈರಿನ ಒಟ್ಟು ಎತ್ತರ ಸುಮಾರು 622 ಮಿ.ಮೀ. 16 ಇಂಚಿನ ರಿಮ್‌ಗೆ 195/55 ಹಾಕಿದ್ರೆ 621, ಹೆಚ್ಚುಕಮ್ಮಿ ಅಷ್ಟೇ. ಸ್ಪೀಡೋಮೀಟರ್ ಸರಿಯಾಗೇ ತೋರಿಸುತ್ತೆ. 15ರಲ್ಲೇ ಇರ್ತೀನಿ ಅಂದ್ರೆ 195/60, ಎತ್ತರ 615. ಆದ್ರೆ ಮೊದಲು ರಿಮ್ ಮೇಲೆ 5ಜೆ ಅಂತ ಇದೆಯೋ 5.5ಜೆ ಅಂತ ಇದೆಯೋ ಓದಿ, ಅದು ರಿಮ್ಮಿನ ಅಗಲ, ಇಂಚಿನಲ್ಲಿ. 195/60ಕ್ಕೆ ಕನಿಷ್ಠ 5.5 ಬೇಕು.

ಈಗ ಗಾಳಿ. ಹೊಸಬರು ದುಡ್ಡು ಟೈರಿಗೆ ಸುರಿದು, ಗಾಳಿ ಮಾತ್ರ ಪೆಟ್ರೋಲ್ ಬಂಕಿನ ಹುಡುಗನ ಕೈಗೆ ಬಿಡ್ತಾರೆ! ಟೈರಿನ ಬಿಸಿ ಐದಾರು ಡಿಗ್ರಿ ಏರಿದ್ರೆ ಗಾಳಿ ಸುಮಾರು ಒಂದು ಪಿಎಸ್‌ಐ (ಒತ್ತಡದ ಅಳತೆ) ಏರುತ್ತೆ. ಬೆಳಿಗ್ಗೆ ತಣ್ಣಗಿದ್ದಾಗ ತುಂಬಿದ 33, ನಾಲ್ಕು ಸುತ್ತು ಜೋರಾಗಿ ಹೊಡೆದ್ಮೇಲೆ 33 ಇರಲ್ಲ. ಒಂದು ಚಾಕ್‌ಪೀಸ್ ತಗೊಂಡು ಮುಂದಿನ ಟೈರಿನ ಹೊರ ಅಂಚಿಗೆ, ಟ್ರೆಡ್‌ನಿಂದ (ನೆಲ ತಾಗೋ ಭಾಗ) ಸೈಡ್‌ವಾಲ್‌ವರೆಗೆ ಗೆರೆ ಎಳೆಯಿರಿ. ಸುತ್ತು ಹೊಡೆದು ಬಂದು ನೋಡಿ. ತುಂಬಾ ಟೈರುಗಳ ಅಂಚಲ್ಲಿ ಪುಟ್ಟ ತ್ರಿಕೋನದ ಗುರುತು ಇರುತ್ತೆ. ಚಾಕ್ ಅದನ್ನೂ ದಾಟಿ ಅಳಿಸಿದ್ರೆ ಟೈರ್ ತಿರುವಿನಲ್ಲಿ ಸೈಡ್‌ವಾಲ್ ಮೇಲೆ ಮಗುಚ್ತಾ ಇದೆ, ಎರಡು ಪಿಎಸ್‌ಐ ಏರಿಸಿ. ಟ್ರೆಡ್ ಅಂಚಿನ ಚಾಕ್ ಹಾಗೇ ಉಳಿದಿದ್ರೆ ಸ್ವಲ್ಪ ಇಳಿಸಿ. ನಾಲ್ಕೂ ಟೈರಿನ ಗಾಳಿ ಬಿಸಿ ಇದ್ದಾಗ ಎಷ್ಟು, ತಣ್ಣಗಿದ್ದಾಗ ಎಷ್ಟು, ಎರಡೂ ಲೆಕ್ಕ ಬರೆದಿಟ್ಕೊಳ್ಳಿ.

ಬಿಸಿ ಇದ್ದಾಗ ಗಾಳಿ ಬಿಟ್ಟಿದ್ರೆ, ಆರಿದ ಮೇಲೆ ಅದು ತೀರಾ ಕಮ್ಮಿ ಆಗಿರುತ್ತೆ. ಹಾಗೇ ಹೈವೇ ಹತ್ತಿ ನೂರರಲ್ಲಿ ಊರಿಗೆ ಬಂದ್ರೆ ಸೈಡ್‌ವಾಲ್ ಕಾದು ಟೈರ್ ಒಡೆಯಬಹುದು. ಸ್ವಂತ ಗೇಜ್, ಚಿಕ್ಕ ಪಂಪ್ ಡಿಕ್ಕಿಯಲ್ಲಿ ಇರಲಿ. ಡೋರ್ ಹತ್ತಿರದ ಸ್ಟಿಕ್ಕರಿನಲ್ಲಿ ಇರೋಷ್ಟು ತುಂಬಿಯೇ ಹೊರಡಿ.

ಇನ್ನು ಖರೀದಿ. ಬೆಳಗಾವಿಗೆ ಬಂದು ತಗೊಂಡ್ರೂ ಸರಿ, ಆನ್‌ಲೈನ್ ಆದ್ರೂ ಸರಿ, ಸೈಡ್‌ವಾಲ್ ಮೇಲಿನ ನಾಲ್ಕು ಅಂಕಿ ನೋಡದೆ ದುಡ್ಡು ಕೊಡಬೇಡಿ. 2324 ಅಂದ್ರೆ 2024ರ 23ನೇ ವಾರ ತಯಾರಾಗಿದ್ದು. ಇಂಥ ಟೈರ್ ನಮ್ಮ ಕಡೆ ಬೇಗ ಖರ್ಚಾಗಲ್ಲ, ಗೋದಾಮಿನಲ್ಲೇ ಗಟ್ಟಿಯಾಗಿರೋ ಮಾಲು ಡಿಸ್ಕೌಂಟಿಗೆ ಬರುತ್ತೆ. ರಿಮ್ ಅಳತೆ ಓದಿ ಇಲ್ಲೇ ಕೆಳಗೆ ಹಾಕಿ, ಹೋಗೋದು ಮಣ್ಣಿಗೋ ಡಾಂಬರಿಗೋ ಅನ್ನೋದನ್ನೂ ಬರೀರಿ. ಆಮೇಲೆ ಬ್ರ್ಯಾಂಡ್ ಮಾತಾಡೋಣ.