ಐತಿಹಾಸಿಕ ಪ್ರೇಮಕಾದಂಬರಿಗಳು ಕೋಟೆ ಬಿದ್ದ ಮೇಲಿನ ಕಾಲವನ್ನೇ ಯಾಕೆ ಆರಿಸಿಕೊಳ್ಳುತ್ತವೆ?

ಗೆದ್ದವರೂ ಸೋತವರೂ ಒಂದೇ ಊರಲ್ಲಿ ಬಾಳಲೇಬೇಕಾದ ಕಾಲ ಅದು; ಪ್ರೇಮಕಥೆಗೆ ಬೇಕಾದ ಅಡ್ಡಿ ತಾನಾಗಿಯೇ ಒದಗುತ್ತದೆ. ಮೂಲದಲ್ಲಿರುವುದು ಭೂಮಿ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ನಾರ್ಮನ್ನರು ಇಂಗ್ಲೆಂಡ್ ಗೆದ್ದಾಗ ಹಳೆಯ ಒಡೆಯರ ಜಮೀನು ಹೊಸ ಸರದಾರರ ಪಾಲಾಯಿತು. ಆ ಮನೆತನದ ಹೆಣ್ಣನ್ನೇ ಮದುವೆಯಾದರೆ ಹಕ್ಕು ಇನ್ನಷ್ಟು ಗಟ್ಟಿ. ಹಾಗಾಗಿ ಆ ಕಾದಂಬರಿಗಳಲ್ಲಿ ಮದುವೆ ಮೊದಲು, ಪ್ರೀತಿ ಆಮೇಲೆ.

ನಮ್ಮ ಚಿತ್ರದುರ್ಗದ ಹಾದಿ ಬೇರೆ. 1779ರಲ್ಲಿ ಹೈದರಾಲಿ ಕೋಟೆ ಹಿಡಿದು ಮದಕರಿನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ; ಸಾವಿರಾರು ಬೇಡರನ್ನೂ ಅಲ್ಲಿಗೇ ಸಾಗಿಸಿದ. ಇಲ್ಲಿ ಪ್ರೇಮಕ್ಕೆ ಸಿಗುವುದು ಅಗಲಿಕೆ. ಅಕ್ಕ-ತಂಗಿ ಹೊಂಡದಲ್ಲಿ ಕೊಡ ತುಂಬುವ, ಗಂಡ ಎಲ್ಲಿದ್ದಾನೋ ತಿಳಿಯದ ಹೆಣ್ಣು. ಕೋಟೆಬಾಗಿಲಲ್ಲಿ ಹೊಸ ಪಹರೆಯವನು. ಈ ಕಥೆಯನ್ನು ದುರ್ಗದವರೇ ಯಾರಾದರೂ ಬರೆಯಬೇಕೆಂಬುದು ನನ್ನ ಬಲವಾದ ಆಸೆ.